ಮನೆ ತುಂಬ ನೆಂಟರಿಗೆ ದೋಸೆ: ಗ್ರಿಡಲ್ಲೋ, ಇಂಡಕ್ಷನ್ನೋ, ಹಳೆಯ ಕಾವಲಿಯೋ?

ಇಪ್ಪತ್ತೈದು ಜನರಿಗೆ ಇಡ್ಲಿ ಮಾಡುವುದು ದೊಡ್ಡ ಕೆಲಸವಲ್ಲ. ಹಿಟ್ಟು ಚೆನ್ನಾಗಿ ಉಬ್ಬಿದ್ದರೆ ಉಳಿದದ್ದನ್ನು ಹಬೆ ನೋಡಿಕೊಳ್ಳುತ್ತದೆ. ತಟ್ಟೆ ಇಳಿಸಿ ತಟ್ಟೆ ಏರಿಸಿದರೆ ಮುಗಿಯಿತು. ದೋಸೆಯ ಮಾತು ಬೇರೆ. ಒಂದೊಂದನ್ನೂ ಕೈಯಾರೆ ಹುಯ್ಯಬೇಕು, ಒಂದೊಂದನ್ನೂ ಕಾದು ನಿಂತು ಎಬ್ಬಿಸಬೇಕು. ಹಬ್ಬದ ಮರುದಿನವೋ, ಮದುವೆಗೆ ಬಂದ ನೆಂಟರು ಉಳಿದುಕೊಂಡ ಬೆಳಗ್ಗೆಯೋ ಒಲೆಯ ಮುಂದೆ ನಿಂತವರು ಎರಡು ಗಂಟೆ ಅಲ್ಲಿಂದ ಕದಲುವಂತಿಲ್ಲ. ಪಡಸಾಲೆಯಲ್ಲಿ ಎಲ್ಲರೂ ನಗುವುದು ಕೇಳಿಸುತ್ತದೆ. ಯಾವ ಮಾತಿಗೆ ನಕ್ಕರು ಎಂಬುದು ಅಡುಗೆಮನೆಯವರೆಗೆ ಬರುವುದಿಲ್ಲ.

ಮೇಜಿನ ಮೇಲಿಟ್ಟು ಬಳಸುವ ವಿದ್ಯುತ್ ಉಪಕರಣಗಳನ್ನು ನಾನು ನೋಡುವುದು ಮುಖ್ಯವಾಗಿ ಈ ಕಣ್ಣಿನಿಂದ. ದೋಸೆ ಹುಯ್ಯುವವರನ್ನು ಅವು ಎಲ್ಲರ ನಡುವೆ ಕೂರಿಸಬಲ್ಲವೇ? ಕೂರಿಸಿದ ಮೇಲೂ ದೋಸೆ ದೋಸೆಯಾಗಿಯೇ ಉಳಿಯುತ್ತದೆಯೇ? ಬೆಲೆ, ಬಣ್ಣ, ವಾರಂಟಿ ಎಲ್ಲವೂ ಆಮೇಲಿನ ಮಾತು. ಸಾಮಾನ್ಯವಾಗಿ ನಮ್ಮ ಮುಂದಿರುವ ಆಯ್ಕೆಗಳು ಇವು: ಉದ್ದನೆಯ ಎಲೆಕ್ಟ್ರಿಕ್ ಗ್ರಿಡಲ್ (ಕರೆಂಟಿನಲ್ಲಿ ಕಾಯುವ ಚಪ್ಪಟೆ ತಟ್ಟೆ), ಇಂಡಕ್ಷನ್ ಒಲೆಯ ಮೇಲೆ ಚಪ್ಪಟೆ ಕಾವಲಿ, ಹಿಟ್ಟಿನಲ್ಲಿ ಅದ್ದಿ ತೆಗೆಯುವ ದುಂಡನೆಯ ದೋಸೆ ಮೇಕರ್, ಎಲೆಕ್ಟ್ರಿಕ್ ಪಡ್ಡು ಮೇಕರ್. ಇವೆಲ್ಲಕ್ಕೂ ಎದುರಾಳಿಯಾಗಿ ಗ್ಯಾಸ್ ಒಲೆಯ ಮೇಲಿನ ಬೀಡಿನ ಕಾವಲಿ ಇದ್ದೇ ಇದೆ.

ದೋಸೆ ಯಾವುದು ಎಂದು ಮೊದಲು ನಿರ್ಧರಿಸಿ

ಉಪಕರಣ ಕೊಂಡು ತಂದು ಆಮೇಲೆ ಯಾವ ದೋಸೆ ಮಾಡೋಣ ಎಂದು ಯೋಚಿಸುವವರೇ ಹೆಚ್ಚು. ಈ ಕ್ರಮ ತಿರುಗುಮುರುಗಾಗಬೇಕು. ಏಕೆಂದರೆ ನಮ್ಮಲ್ಲಿ ದೋಸೆ ಒಂದೇ ಬಗೆಯದಲ್ಲ, ಒಂದೊಂದೂ ಕಾವಲಿಯಿಂದ ಕೇಳುವುದು ಒಂದೊಂದು.

ಗರಿಗರಿಯಾದ ಉದ್ದಿನ ದೋಸೆಗೆ ಹಿಟ್ಟನ್ನು ಸೌಟಿನ ತಳದಿಂದ ತೆಳ್ಳಗೆ ತೀಡಬೇಕು. ಹಿಟ್ಟು ಕಾವಲಿಯನ್ನು ಹಿಡಿದುಕೊಂಡರೆ ಮಾತ್ರ ಅದು ಸಾಧ್ಯ. ಹುಯ್ದ ಕ್ಷಣದಿಂದ ತಟ್ಟೆಗೆ ಬೀಳುವವರೆಗೆ ಕಾವು ಬಲವಾಗಿರಬೇಕು. ತಿನ್ನುವವರು ಕೂಡಲೇ ತಿನ್ನಬೇಕು. ಹತ್ತು ನಿಮಿಷ ಮುಚ್ಚಿಟ್ಟರೆ ಗರಿ ಹೋಗಿ ಚರ್ಮದಂತಾಗುತ್ತದೆ. ಸೆಟ್ ದೋಸೆಗೆ ತೀಡುವ ಗೋಜಿಲ್ಲ. ಅವಲಕ್ಕಿ, ಮೆಂತ್ಯ ಸೇರಿಸಿ ರುಬ್ಬಿದ ಹಿಟ್ಟು ಸೌಟಿನಿಂದ ಇಳಿದು ತಾನೇ ದುಂಡಗಾಗುತ್ತದೆ, ಮುಚ್ಚಳದಡಿ ಒಂದೇ ಮಗ್ಗುಲಿನಲ್ಲಿ ಬೇಯುತ್ತದೆ, ಹಾಟ್‌ಬಾಕ್ಸ್‌ನಲ್ಲಿ ಮುಕ್ಕಾಲು ಗಂಟೆ ಮೆತ್ತಗೇ ಇರುತ್ತದೆ. ನೀರು ದೋಸೆಗೆ ಉದ್ದೂ ಬೇಡ, ಹುದುಗುವಿಕೆಯೂ ಬೇಡ; ಬೆಳ್ತಿಗೆ ಅಕ್ಕಿಯನ್ನು ನುಣ್ಣಗೆ ರುಬ್ಬಿ ನೀರು ಬೆರೆಸಿದರಾಯಿತು. ಅದು ತಣ್ಣಗಾದ ಮೇಲೂ ಮೃದುವಾಗಿರುವುದರಿಂದ ಮಂಗಳೂರು, ಉಡುಪಿಯ ಕಡೆ ಬೆಳಗ್ಗೆಯೇ ರಾಶಿ ಹುಯ್ದಿಟ್ಟು ಬಂದವರಿಗೆಲ್ಲ ಬಡಿಸುವ ರೂಢಿ ಇದೆ. ರವೆ ದೋಸೆ ಇವೆಲ್ಲಕ್ಕಿಂತ ಹೆಚ್ಚು ಸಮಯ ತಿನ್ನುತ್ತದೆ. ಕಾವಲಿ ಸುಡುತ್ತಿರಬೇಕು, ತೂತುಗಳ ಬಲೆ ಕಟ್ಟಬೇಕು, ಆಮೇಲೆ ಮೂರು ನಾಲ್ಕು ನಿಮಿಷ ಅದನ್ನು ಮುಟ್ಟುವಂತಿಲ್ಲ. ಹತ್ತು ಜನ ಮೀರಿದರೆ ಮನೆಯಲ್ಲಿ ರವೆ ದೋಸೆಯ ಆಸೆ ಬಿಟ್ಟುಬಿಡುವುದು ಒಳ್ಳೆಯದು.

ಜನ ಹೆಚ್ಚಿದ್ದಾಗ ನನ್ನ ಒಲವು ಸೆಟ್ ದೋಸೆಯ ಕಡೆಗೆ, ಅದು ಬಿಟ್ಟರೆ ನೀರು ದೋಸೆಯ ಕಡೆಗೆ. ಮಸಾಲೆ ದೋಸೆಯೇ ಬೇಕು ಎಂದು ಮಕ್ಕಳು ಹಟ ಹಿಡಿದರೆ ಆ ಹಟವನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ತೀರಿಸಬಹುದು. ಬೆಂಗಳೂರಿನ ಗಾಂಧಿಬಜಾರಿನಲ್ಲಿ 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನದಂಥ ಕಡೆ ದೋಸೆಗಳು ಒಂದೊಂದಾಗಿ ಬೇಯುವುದಿಲ್ಲ, ಸಾಲು ಸಾಲಾಗಿ ಬೇಯುತ್ತವೆ. ಅಲ್ಲಿಯ ಕಲ್ಲು ಅಷ್ಟು ದಪ್ಪ, ಅಡಿಯ ಉರಿ ಅಷ್ಟು ಬಲ. ಮನೆಯ ಮೇಜಿನ ಮೇಲಿನ ಯಾವ ಉಪಕರಣಕ್ಕೂ ಆ ಶಕ್ತಿ ಇಲ್ಲ.

ತಟ್ಟೆಯ ಅಗಲವಲ್ಲ, ಕಾವು ಮರಳುವ ವೇಗ

ಅಂಗಡಿಯವರು ತೋರಿಸುವುದು ತಟ್ಟೆಯ ಅಳತೆಯನ್ನು. "ನೋಡಿ ಸರ್, ಒಂದೇ ಸಲಕ್ಕೆ ಆರು ಹಾಕಬಹುದು." ಆರು ಹಾಕಬಹುದು ನಿಜ. ಆ ಆರು ಎಷ್ಟು ಹೊತ್ತಿಗೆ ಏಳುತ್ತವೆ ಎಂಬುದೇ ಪ್ರಶ್ನೆ.

ಒಂದು ಅಂದಾಜು ಲೆಕ್ಕ ಹಾಕೋಣ. ಸೆಟ್ ದೋಸೆಯೊಂದಕ್ಕೆ ಸುಮಾರು 65 ಗ್ರಾಂ ಹಿಟ್ಟು ಬೇಕು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಕೋಣೆಯ ಉಷ್ಣತೆಯಲ್ಲಿರುವ ಆ ಹಿಟ್ಟನ್ನು ಕುದಿಯುವ ಮಟ್ಟಕ್ಕೆ ತರಲು 16-17 ಕಿಲೋಜೂಲ್ ಶಾಖ ಬೇಕು. ದೋಸೆ ಬೆಂದು ಏಳುವಷ್ಟರಲ್ಲಿ 15 ಗ್ರಾಂ ನೀರು ಆವಿಯಾಗಿ ಹೋಯಿತು ಎಂದುಕೊಂಡರೆ ಅದಕ್ಕೆ ಇನ್ನೂ 34 ಕಿಲೋಜೂಲ್. ಅಲ್ಲಿಗೆ ಒಂದಕ್ಕೆ 50, ಆರಕ್ಕೆ 300 ಕಿಲೋಜೂಲ್ ಆಯಿತು. 1500 ವ್ಯಾಟ್‌ನ ಗ್ರಿಡಲ್ ಸೆಕೆಂಡಿಗೆ ಒಂದೂವರೆ ಕಿಲೋಜೂಲ್ ಕೊಡುತ್ತದೆ. ಅದರಲ್ಲಿ ಮೂರನೇ ಒಂದು ಭಾಗ ಸುತ್ತಲ ಗಾಳಿಗೆ ಹೋದರೆ ದೋಸೆಗೆ ಉಳಿಯುವುದು ಒಂದು. 300 ಸೆಕೆಂಡು ಎಂದರೆ ಐದು ನಿಮಿಷ. ಎಬ್ಬಿಸಿ, ಒರೆಸಿ, ಮತ್ತೆ ಹುಯ್ಯುವುದಕ್ಕೆ ಇನ್ನೊಂದು ನಿಮಿಷ ಸೇರಿಸಿ. ಆರು ನಿಮಿಷಕ್ಕೆ ಆರು ದೋಸೆ, ಗಂಟೆಗೆ ಅರುವತ್ತು.

ಅದೇ 1500 ವ್ಯಾಟ್‌ಗೆ ಇನ್ನೂ ದೊಡ್ಡ ತಟ್ಟೆ ಕೂರಿಸಿ ಎಂಟು ಹುಯ್ದರೂ ಗಂಟೆಗೆ ಬರುವುದು ಸುಮಾರು ಅಷ್ಟೇ. ಒಂದೊಂದು ಸುತ್ತು ನಿಧಾನವಾಗುತ್ತದೆ, ಹಿಟ್ಟು ಕೆಂಪಾಗುವ ಬದಲು ಬಿಳಿಚಿಕೊಂಡು ಒಣಗುತ್ತದೆ. ಹಾಗಾಗಿ ಎರಡು ಗ್ರಿಡಲ್‌ಗಳು ಮುಂದಿದ್ದು ತಟ್ಟೆಯ ಅಳತೆ ಒಂದೇ ಆಗಿದ್ದರೆ ವ್ಯಾಟ್ ಹೆಚ್ಚಿರುವುದನ್ನು ಆರಿಸಿ. ವ್ಯಾಟ್ ಒಂದೇ ಆಗಿದ್ದರೆ ತಟ್ಟೆ ದಪ್ಪಗಿರುವುದನ್ನು ಆರಿಸಿ. ಎತ್ತಿ ನೋಡಿದರೆ ತೂಕದಲ್ಲೇ ಗೊತ್ತಾಗುತ್ತದೆ.

ಈ ಲೆಕ್ಕದಿಂದ ಸಿಗುವ ಇನ್ನೊಂದು ಉಪಯೋಗವಿದೆ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಹಿಟ್ಟನ್ನು ಹುಯ್ದರೆ ಪ್ರತಿ ದೋಸೆಗೂ ಹತ್ತನೇ ಒಂದು ಭಾಗದಷ್ಟು ಹೆಚ್ಚು ಶಾಖ ಬೇಕಾಗುತ್ತದೆ. ನೂರು ದೋಸೆಯ ಬೆಳಗ್ಗೆ ಅದು ಹತ್ತು ದೋಸೆಯ ಸಮಯ. ಮುಂಚೆಯೇ ಹಿಟ್ಟನ್ನು ಹೊರಗಿಟ್ಟರೆ ಈ ನಷ್ಟ ತಪ್ಪುತ್ತದೆ.

ಎಲೆಕ್ಟ್ರಿಕ್ ಗ್ರಿಡಲ್

ಇದು ಹುಟ್ಟಿದ್ದು ಪ್ಯಾನ್‌ಕೇಕಿಗಾಗಿ. ಸುಮಾರು ಅರ್ಧ ಮೀಟರ್ ಉದ್ದ, ಕಾಲು ಮೀಟರ್ ಅಗಲದ ನಾನ್‌ಸ್ಟಿಕ್ ತಟ್ಟೆ, ಅಡಿಯಲ್ಲಿ ಕಾಯುವ ಕೊಳವೆ, ಪಕ್ಕದಲ್ಲಿ ಸಿಕ್ಕಿಸುವ ಥರ್ಮೋಸ್ಟಾಟ್. ಪ್ಯಾನ್‌ಕೇಕಿಗೆ ಒಪ್ಪುವುದು ಸೆಟ್ ದೋಸೆಗೂ ಒಪ್ಪುತ್ತದೆ. ಎರಡೂ ದಪ್ಪ, ಎರಡೂ ಸಣ್ಣವು, ಎರಡನ್ನೂ ತೀಡುವ ಅಗತ್ಯವಿಲ್ಲ. ಊತಪ್ಪ, ರಾಗಿ ದೋಸೆ, ಬಾಳೆಹಣ್ಣು ಬೆಲ್ಲ ಹಾಕಿದ ಗೋಧಿ ದೋಸೆಗಳೂ ಇದರ ಮೇಲೆ ಸೊಗಸಾಗಿ ಬರುತ್ತವೆ.

ಮೊದಲ ಸುತ್ತಿನ ದೋಸೆಗಳನ್ನು ಮಗುಚಿ ನೋಡಿ. ಕಾಯುವ ಕೊಳವೆ ತಟ್ಟೆಯ ಅಡಿಯಲ್ಲಿ ಲಾಳದಾಕಾರದಲ್ಲಿ ಸುತ್ತಿ ಬಂದಿರುತ್ತದೆ. ಅದರ ಮೇಲೆ ಬಿದ್ದ ಹಿಟ್ಟು ಜೇನುಬಣ್ಣಕ್ಕೆ ಬಂದು, ನಟ್ಟನಡುವೆ ಬಿದ್ದದ್ದು ಕೆನೆಬಣ್ಣದಲ್ಲೇ ಉಳಿದಿರುತ್ತದೆ. ಕೆಲವೊಮ್ಮೆ ಒಂದೇ ದೋಸೆಯ ಅರ್ಧ ಕೆಂಪು, ಅರ್ಧ ಬಿಳಿ. ಉಪಕರಣ ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ. ಥರ್ಮೋಸ್ಟಾಟ್ ತಟ್ಟೆಯ ಒಂದೇ ಜಾಗದ ಕಾವನ್ನು ಅಳೆಯುತ್ತದೆ, ಆ ಜಾಗ ಕಾದ ಕೂಡಲೇ ಕರೆಂಟು ತಡೆದು ಸೂಚಕ ದೀಪ ಆರಿಸುತ್ತದೆ. ಉಳಿದ ಭಾಗಕ್ಕೆ ಕಾವು ಹರಡಲು ಸಮಯ ಬೇಕು. ದೀಪ ಮೊದಲ ಸಲ ಆರಿದಾಗ ಹುಯ್ಯಬೇಡಿ. ಅದು ಎರಡು ಸಲ ಆರಿ ಹತ್ತಿಕೊಳ್ಳಲಿ. ಹತ್ತು ನಿಮಿಷ ಹಿಡಿಯಬಹುದು. ಆಮೇಲಿನ ಸುತ್ತುಗಳಲ್ಲಿ ಬಣ್ಣ ಬಹುಮಟ್ಟಿಗೆ ಸಮವಾಗುತ್ತದೆ. ನಡುವಿನ ದೋಸೆಯನ್ನು ಮೊದಲು ಹುಯ್ದು ಕೊನೆಯಲ್ಲಿ ಎಬ್ಬಿಸಿದರೆ ಇನ್ನೂ ಒಳ್ಳೆಯದು.

ಮುಚ್ಚಳ ಬಹಳಷ್ಟು ಗ್ರಿಡಲ್‌ಗಳ ಜೊತೆ ಬರುವುದಿಲ್ಲ. ಸೆಟ್ ದೋಸೆಗೆ ಮುಚ್ಚಳ ಬೇಕೇ ಬೇಕು. ಎರಡು ಅಗಲವಾದ ಸ್ಟೀಲ್ ತಟ್ಟೆಗಳನ್ನು ಬೋರಲಾಗಿಸಿ ಮುಚ್ಚಿದರೆ ಸಾಕು. ಹಬೆ ಒಳಗೇ ನಿಂತು ಮೇಲ್ಭಾಗವೂ ಬೇಯುತ್ತದೆ, ನೀರು ಕಡಿಮೆ ಆವಿಯಾಗುತ್ತದೆ, ಮೇಲೆ ಹೇಳಿದ ಐದು ನಿಮಿಷ ನಾಲ್ಕಕ್ಕೆ ಇಳಿಯುತ್ತದೆ.

ಗರಿಗರಿ ಉದ್ದಿನ ದೋಸೆಗೆ ಮಾತ್ರ ಗ್ರಿಡಲನ್ನು ನಾನು ಶಿಫಾರಸು ಮಾಡುವುದಿಲ್ಲ. ನಾನ್‌ಸ್ಟಿಕ್ ಮೇಲೆ ಸೌಟಿನಿಂದ ತೀಡಲು ಹೋದರೆ ಹಿಟ್ಟು ತಟ್ಟೆಗೆ ಹಿಡಿಯದೆ ಸೌಟಿನ ಹಿಂದೆಯೇ ಸುತ್ತುತ್ತದೆ. ನಡುವೆ ತೂತು, ಅಂಚಿನಲ್ಲಿ ಮುದ್ದೆ. ಬೇರೆ ಕಾವಲಿಯಾದರೆ ಉರಿ ತಗ್ಗಿಸಿ ತೀಡಿ ಮತ್ತೆ ಏರಿಸಬಹುದು. ಗ್ರಿಡಲ್‌ನ ಕಾವು ಅಷ್ಟು ಬೇಗ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಕಬ್ಬಿಣದ ಸಟ್ಟುಗವನ್ನೂ ಬಳಸುವಂತಿಲ್ಲ. ಮರದ್ದೋ ಸಿಲಿಕೋನಿನದೋ ಬೇಕು. ನಾನ್‌ಸ್ಟಿಕ್ ಲೇಪವನ್ನು 260 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಿಸಬಾರದು ಎಂಬುದೂ ನೆನಪಿರಲಿ. ಥರ್ಮೋಸ್ಟಾಟ್ ಇರುವ ಗ್ರಿಡಲ್ ಆ ಮಟ್ಟಕ್ಕೆ ಹೋಗದಂತೆ ತಾನೇ ತಡೆಯುತ್ತದೆ. ಗ್ಯಾಸಿನ ಮೇಲೆ ಖಾಲಿ ಬಿಟ್ಟ ನಾನ್‌ಸ್ಟಿಕ್ ತವಾಕ್ಕೆ ಆ ರಕ್ಷಣೆ ಇಲ್ಲ.

ಇಷ್ಟೆಲ್ಲ ಕುಂದುಗಳಿದ್ದರೂ ನಾನು ಗ್ರಿಡಲ್ ಪರವಾಗಿ ಮಾತಾಡುವುದಕ್ಕೆ ಕಾರಣ ಅದರ ವೇಗವಲ್ಲ. ಅದನ್ನು ಊಟದ ಮೇಜಿನ ಮೇಲೆ ಇಡಬಹುದು. ಹುಯ್ಯುವವರು ಕುರ್ಚಿಯಲ್ಲಿ ಕೂತು ಹುಯ್ಯಬಹುದು, ತಾವೂ ತಿನ್ನುತ್ತಿರಬಹುದು. ಆರು ದೋಸೆ ಒಟ್ಟಿಗೆ ಎದ್ದಾಗ ಮೂವರ ತಟ್ಟೆಗೆ ಎರಡೆರಡು ಬೀಳುತ್ತವೆ, ಮುಂದಿನ ನಾಲ್ಕೈದು ನಿಮಿಷ ಕೈ ಬಿಡುವಾಗಿರುತ್ತದೆ. ಅಜ್ಜಿ ಒಂದು ಸುತ್ತು ಹುಯ್ಯುತ್ತಾರೆ, ಸೋದರತ್ತೆ ಒಂದು ಸುತ್ತು, ಕಾಲೇಜಿಗೆ ಹೋಗುವ ಹುಡುಗ ಒಂದು ಸುತ್ತು. ಒಲೆಯ ಮುಂದೆ ಒಬ್ಬರೇ ನಿಲ್ಲುವ ಶಿಕ್ಷೆ ತಪ್ಪುವುದೆಂದರೆ ನನ್ನ ಲೆಕ್ಕದಲ್ಲಿ ಅದು ಸಣ್ಣ ಲಾಭವಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ವಯರು ಮೇಜಿನ ಅಂಚಿನಿಂದ ನೇತಾಡದಂತೆ, ಗೋಡೆಯ ಕಡೆಗೆ ತಿರುಗಿಸಿ ಇಡುವುದೊಂದು ಕಡ್ಡಾಯ.

ಇಂಡಕ್ಷನ್ ಒಲೆ

ಈಗಾಗಲೇ ಮನೆಯಲ್ಲಿರುವುದರಿಂದ ಬಹಳ ಜನ ಇದನ್ನೇ ದೋಸೆಗೂ ಬಳಸಲು ನೋಡುತ್ತಾರೆ. ಶಕ್ತಿಯಲ್ಲಿ ಇದು ಗ್ರಿಡಲ್‌ಗಿಂತ ಮುಂದಿದೆ. ಒಲೆಯ ಗಾಜು ಕಾಯುವ ಬದಲು ಪಾತ್ರೆಯ ಲೋಹವೇ ಕಾಯುವುದರಿಂದ ಪೋಲಾಗುವ ಶಾಖ ಕಡಿಮೆ, ಕಾವು ಏರುವುದೂ ಬೇಗ. ತೊಡಕು ಇರುವುದು ಅಗಲದಲ್ಲಿ. ಒಳಗಿನ ಸುರುಳಿಯ ವ್ಯಾಸ ಸಾಮಾನ್ಯವಾಗಿ 18-20 ಸೆಂಟಿಮೀಟರ್ ಇರುತ್ತದೆ. ಅದರ ಮೇಲೆ 30 ಸೆಂಟಿಮೀಟರಿನ ಕಾವಲಿ ಇಟ್ಟರೆ ನಡುಭಾಗ ಹೊತ್ತಿಹೋಗುವಾಗಲೂ ಅಂಚು ಹಸಿಯಾಗಿಯೇ ಇರುತ್ತದೆ. ದೊಡ್ಡ ಉದ್ದಿನ ದೋಸೆಗೆ ಇದು ಸರಿಯಾದ ಒಲೆಯಲ್ಲ.

ನೀರು ದೋಸೆಗೆ ಮಾತ್ರ ಇದರಷ್ಟು ಅನುಕೂಲವಾದದ್ದು ಬೇರೊಂದಿಲ್ಲ. 22-24 ಸೆಂಟಿಮೀಟರಿನ, ಇಂಡಕ್ಷನ್ನಿಗೆ ಒಪ್ಪುವ ದಪ್ಪ ತಳದ ನಾನ್‌ಸ್ಟಿಕ್ ತವಾ ಇಟ್ಟು, 1000-1200 ವ್ಯಾಟ್‌ನಲ್ಲಿ ನಿಲ್ಲಿಸಿ, ಪ್ರತಿ ಸಲವೂ ಹಿಟ್ಟನ್ನು ತಳದಿಂದ ಕದಡಿ ಹುಯ್ದು ಮುಚ್ಚಿದರೆ ಒಂದು ನಿಮಿಷದ ಆಸುಪಾಸಿನಲ್ಲಿ ಎದ್ದು ಬರುತ್ತದೆ. ಕದಡುವುದನ್ನು ಮರೆತರೆ ಅಕ್ಕಿ ಕೆಳಗೆ ಕೂತು, ಮೇಲಿನ ನೀರು ಮಾತ್ರ ಸೌಟಿಗೆ ಬರುತ್ತದೆ. ಎದ್ದ ದೋಸೆಯನ್ನು ಬಿಸಿಬಿಸಿಯಾಗಿ ಒಂದರ ಮೇಲೊಂದು ಹೇರಬಾರದು, ಅಂಟಿಕೊಂಡು ಹಿಟ್ಟಿನ ಉಂಡೆಯಾಗುತ್ತದೆ. ಬಾಳೆಎಲೆಯ ಮೇಲೋ ಒಗೆದ ಬಟ್ಟೆಯ ಮೇಲೋ ಅರೆ ನಿಮಿಷ ಹರಡಿ, ಆವಿ ಹೋದ ಮೇಲೆ ಮಡಚಿ ಜೋಡಿಸಬೇಕು.

ಅಲ್ಯೂಮಿನಿಯಂ ತವಾ ಇಂಡಕ್ಷನ್ ಮೇಲೆ ಕಾಯುವುದೇ ಇಲ್ಲ; ತಳಕ್ಕೆ ಅಯಸ್ಕಾಂತ ಅಂಟಿದರೆ ಮಾತ್ರ ಅದು ನಡೆಯುವ ಪಾತ್ರೆ. ಬೀಡಿನ ಕಾವಲಿ ನಡೆಯುತ್ತದೆ, ಆದರೆ ತಳ ಸಮತಟ್ಟಾಗಿರಬೇಕು, ಇಡುವಾಗ ಮೆಲ್ಲಗೆ ಇಡಬೇಕು, ಗಾಜಿನ ಮೇಲೆ ಎಳೆದಾಡಬಾರದು. ತೆಳ್ಳನೆಯ ಕಬ್ಬಿಣದ ತವಾವನ್ನು ಪೂರ್ಣ ಶಕ್ತಿಯಲ್ಲಿ ಕಾಯಿಸಿದರೆ ನಡುವೆ ಉಬ್ಬಿ ಅಲುಗಾಡತೊಡಗುತ್ತದೆ. ಕಾವಲಿ ಅತಿಯಾಗಿ ಕಾದರೆ ಒಲೆ ಸುರಕ್ಷತೆಗಾಗಿ ತಾನೇ ಆರಿಕೊಳ್ಳುತ್ತದೆ. ಇಪ್ಪತ್ತು ಜನ ಕಾಯುತ್ತಿರುವಾಗ ಅದು ಆರಿ ಕೂತರೆ ಬಹಳ ಸಂಕಟ. ಆದ್ದರಿಂದ ಶುರುವಿನಿಂದಲೇ ಮಧ್ಯಮ ಕಾವಿನಲ್ಲಿ ಇಡುವುದು ಜಾಣತನ. ಅಡಿಯಲ್ಲಿ ಗಾಳಿ ಎಳೆಯುವ ಫ್ಯಾನ್ ಇರುವುದರಿಂದ ಒಲೆಯನ್ನು ಮೇಜುಬಟ್ಟೆಯ ಮೇಲಾಗಲಿ, ಪತ್ರಿಕೆಯ ಹಾಳೆಯ ಮೇಲಾಗಲಿ ಇಡಬೇಡಿ.

ಅದ್ದುವ ಮೇಕರ್, ಪಡ್ಡು ಮೇಕರ್

ಉಬ್ಬಿದ ದುಂಡು ತಟ್ಟೆಯನ್ನು ಬೋರಲಾಗಿ ಹಿಟ್ಟಿನಲ್ಲಿ ಅದ್ದಿ ಎತ್ತುವ ಮೇಕರನ್ನು ಕಂಡು ಮನಸೋಲುವವರಿದ್ದಾರೆ. ವ್ಯಾಸ 20 ಸೆಂಟಿಮೀಟರ್, ಶಕ್ತಿ 800-1000 ವ್ಯಾಟ್. ಮೊಟ್ಟೆ ಮೈದಾದ ತೆಳು ಹಿಟ್ಟಿಗೆ ಅದು ತಕ್ಕುದು. ಹುದುಗಿದ ಉದ್ದಿನ ಹಿಟ್ಟು ಅದರ ಮೇಲೆ ದಪ್ಪಗೆ ಅಂಟಿ ಕೆಳಗೆ ಜೋಲುತ್ತದೆ. ಬರಿಯ ಅಕ್ಕಿಯ ತೆಳು ಹಿಟ್ಟು ಅಂಟದೆ ಜಾರುತ್ತದೆ. ಸ್ವಲ್ಪ ಗೋಧಿ ಹಿಟ್ಟು ಸೇರಿಸಿದರೆ ಸುಧಾರಿಸುತ್ತದೆ, ಆದರೆ ಆಗ ಅದು ಬೇರೆಯದೇ ತಿಂಡಿ. ಹಾಸ್ಟೆಲಿನ ಕೋಣೆಯಲ್ಲಿ ಒಬ್ಬರೇ ಇರುವವರಿಗೆ ಸರಿ. ಗುಂಪಿಗೆ ಬೇಡ. ಡಬ್ಬಿಗೆ ಹಿಟ್ಟು ತುಂಬಿದರೆ ತಾನೇ ಹರಡಿ ಬೇಯಿಸಿ ಸುರುಳಿ ಸುತ್ತಿ ಕೊಡುವ ದುಬಾರಿ ಯಂತ್ರಗಳೂ ಒಂದು ಸಲಕ್ಕೆ ಒಂದೇ ದೋಸೆ ಕೊಡುವುದರಿಂದ ಇದೇ ಮಾತು ಅವಕ್ಕೂ ಸಲ್ಲುತ್ತದೆ.

ಪಡ್ಡು ಮೇಕರ್ ಸಂಜೆಯ ತಿಂಡಿಗೆ ಚೆಂದ. ಗುಂಡಪೊಂಗಲು ಎನ್ನಿ, ಗುಳಿಯಪ್ಪ ಎನ್ನಿ, ಮಕ್ಕಳು ಎದುರು ಕೂತು ಕಡ್ಡಿಯಿಂದ ಮಗುಚಲು ಹಾತೊರೆಯುತ್ತಾರೆ. ಆದರೆ ಹೊಟ್ಟೆ ತುಂಬ ತಿನ್ನುವವರಿಗೆ ಎಂಟು ಹತ್ತಾದರೂ ಬೇಕು. ಹನ್ನೆರಡು ಗುಳಿಯ ತಟ್ಟೆ ಐದು ನಿಮಿಷಕ್ಕೊಂದು ಸುತ್ತು ಮುಗಿಸಿದರೂ ಇಪ್ಪತ್ತೈದು ಜನರಿಗೆ ಒಂದೂವರೆ ಗಂಟೆ ಮೀರುತ್ತದೆ. ಗ್ರಿಡಲ್ ಪಕ್ಕದಲ್ಲಿ ಎರಡನೆಯ ತಿಂಡಿಯಾಗಿ ಇರಲಿ.

ಬೀಡಿನ ಕಾವಲಿ

ಎಣ್ಣೆ ಕುಡಿದು ಕಪ್ಪಾಗಿ ಹೊಳೆಯುವ ಎರಡೂವರೆ ಕಿಲೋದ ಬೀಡಿನ ಕಾವಲಿ ತನ್ನೊಳಗೇ ಸಾಕಷ್ಟು ಕಾವನ್ನು ಕೂಡಿಟ್ಟುಕೊಂಡಿರುತ್ತದೆ. ಹಿಟ್ಟು ಬಿದ್ದಾಗ ಅದು ಕುಸಿಯುವುದಿಲ್ಲ, ಮುಂದಿನ ದೋಸೆಗೆ ಬೇಗ ಸಿದ್ಧವಾಗುತ್ತದೆ. ಅದರ ನುಣುಪು ಹಿಟ್ಟು ಹಿಡಿದುಕೊಳ್ಳುವಷ್ಟು ಒರಟು, ಬೆಂದ ಮೇಲೆ ಬಿಟ್ಟುಕೊಡುವಷ್ಟು ಮೃದು. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಒಮ್ಮೆ ಸವರಿ, ನೀರು ಚಿಮುಕಿಸಿ ನೋಡಿ. ಹನಿಗಳು ಮಣಿಗಳಂತೆ ಕುಣಿದಾಡಿದರೆ ಕಾವು ಹೆಚ್ಚಾಗಿದೆ. ಚುಂಯ್ ಎಂದು ಹರಡಿ ಆರಿದರೆ ಹದ. ಕಾವು ಹೆಚ್ಚಾದಾಗ ಅದೇ ನೀರೇ ಅದನ್ನು ಇಳಿಸುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ ಹುಯ್ದರೆ ಆಯಿತು. ಗರಿಗರಿ ಉದ್ದಿನ ದೋಸೆಯ ವಿಷಯದಲ್ಲಿ ಇದಕ್ಕೆ ಸರಿಸಾಟಿಯಾದ ವಿದ್ಯುತ್ ಉಪಕರಣವನ್ನು ನಾನು ನೋಡಿಲ್ಲ.

ಒಂದು ಕಾವಲಿಯಲ್ಲಿ ಗಂಟೆಗೆ ಮೂವತ್ತು ದೋಸೆ, ಎರಡನ್ನು ಜೊತೆಯಾಗಿ ಓಡಿಸಿದರೆ ಐವತ್ತೈದರಿಂದ ಅರುವತ್ತು. ಅಂದರೆ ಎರಡು ಕಾವಲಿಗೆ ಒಂದು ಗ್ರಿಡಲ್ ಹೆಚ್ಚುಕಡಿಮೆ ಸಮ. ವ್ಯತ್ಯಾಸವಿರುವುದು ಶ್ರಮದಲ್ಲಿ. ಎರಡು ಕಾವಲಿ ನೋಡಿಕೊಳ್ಳುವವರಿಗೆ ಮೂಗಿನ ಮೇಲಿನ ಬೆವರು ಒರೆಸಿಕೊಳ್ಳಲೂ ಪುರುಸೊತ್ತಿರುವುದಿಲ್ಲ. ಎರಡು ಬರ್ನರಿನ ಒಲೆಯ ಮೇಲೆ 30 ಸೆಂಟಿಮೀಟರಿನ ಎರಡು ಕಾವಲಿಗಳು ಒಂದಕ್ಕೊಂದು ತಾಗುವುದೂ ಉಂಟು. ಒಂದು ದೊಡ್ಡದು, ಒಂದು 25-26 ಸೆಂಟಿಮೀಟರಿನದು ಇಟ್ಟುಕೊಂಡರೆ ಜಗಳವಿಲ್ಲ. ಎರಡು ಬರ್ನರಿಗೂ ಅಡ್ಡಲಾಗಿ ಇಡುವ ಉದ್ದನೆಯ ಬೀಡಿನ ತಟ್ಟೆಗಳೂ ಸಿಗುತ್ತವೆ; ಎರಡು ಉರಿಗಳ ನಡುವಿನ ಪಟ್ಟಿ ತಣ್ಣಗಿರುತ್ತದೆ ಎಂಬುದನ್ನು ತಿಳಿದು ಕೊಳ್ಳಿ.

ಸಾಕೆಟ್ಟಿನ ಮಾತು

ಇದನ್ನು ಓದದೆ ಮುಂದೆ ಹೋಗಬೇಡಿ. ನಮ್ಮ ಮನೆಗಳ ಸಣ್ಣ ಸಾಕೆಟ್ 6 ಆಂಪಿಯರಿನದು. 230 ವೋಲ್ಟ್‌ನಲ್ಲಿ ಅದು ತಡೆದುಕೊಳ್ಳುವುದು 1380 ವ್ಯಾಟ್ ಮಾತ್ರ. 1500 ವ್ಯಾಟ್‌ನ ಗ್ರಿಡಲ್‌ಗೆ, 2000 ವ್ಯಾಟ್‌ನ ಇಂಡಕ್ಷನ್‌ಗೆ ಗೀಸರ್ ಹಾಕುವಂಥ 16 ಆಂಪಿಯರಿನ ಸಾಕೆಟ್ ಬೇಕು. ಊಟದ ಮೇಜಿನ ಹತ್ತಿರ ಅಂಥದ್ದು ಇರುವುದು ಅಪರೂಪ. ಹಾಗೆಂದು ಟಿವಿಗೆ ಬಳಸುವ ತೆಳು ವಯರಿನ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದುಕೊಂಡು ಎರಡು ಗಂಟೆ ದೋಸೆ ಹುಯ್ದರೆ ವಯರು ಬಿಸಿಯಾಗಿ ಕರಗುವ ಅಪಾಯವಿದೆ. 16 ಆಂಪಿಯರಿಗೆಂದೇ ಮಾಡಿದ ದಪ್ಪ ವಯರಿನ ಬಾಕ್ಸ್ ತನ್ನಿ, ಅದನ್ನು ಪೂರ್ತಿ ಬಿಚ್ಚಿ ಹಾಸಿ, ಸುತ್ತಿಟ್ಟು ಬಳಸಬೇಡಿ. ಮನೆಯ ಯುಪಿಎಸ್‌ನಿಂದ ಇವು ನಡೆಯುವುದಿಲ್ಲ. ಕರೆಂಟು ಹೋದರೆ ಗ್ಯಾಸೇ ಗತಿ.

ಹಳ್ಳಿಯ ಮನೆಗಳಲ್ಲಿ ಇನ್ನೊಂದು ಸಂಗತಿ ನೋಡಬೇಕು. ಬೇಸಿಗೆಯಲ್ಲಿ, ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ ವೋಲ್ಟೇಜ್ ಕುಸಿಯುತ್ತದೆ. ವೋಲ್ಟೇಜ್ 190ಕ್ಕೆ ಇಳಿದರೆ 1500 ವ್ಯಾಟ್‌ನ ಗ್ರಿಡಲ್ ಕೊಡುವುದು ಸುಮಾರು 1000 ವ್ಯಾಟ್. ಆರು ನಿಮಿಷದ ಸುತ್ತು ಒಂಬತ್ತು ನಿಮಿಷದ ಹತ್ತಿರ ಬರುತ್ತದೆ. ದೀಪ ಮಂಕಾಗಿ ಉರಿಯುವ ಊರಿನ ಮನೆಗೆ ಹಬ್ಬಕ್ಕೆಂದು ಗ್ರಿಡಲ್ ಹೊತ್ತುಕೊಂಡು ಹೋಗುವುದು ವ್ಯರ್ಥ. ಖರ್ಚಿನ ಚಿಂತೆ ಬೇಡ: ಎರಡು ಗಂಟೆ ಬಿಡದೆ ಓಡಿದರೂ ಮೂರು ಯೂನಿಟ್ ದಾಟುವುದಿಲ್ಲ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಗ್ರಿಡಲ್ ಹೊಸತಲ್ಲ. ಯುಗಾದಿಗೋ ದೀಪಾವಳಿಗೋ ನಾಲ್ಕಾರು ಮನೆಯವರು ಸೇರಿದಾಗ ಅಲ್ಲಿಯ ಪ್ಯಾನ್‌ಕೇಕ್ ಗ್ರಿಡಲ್ಲೇ ದೋಸೆಗಲ್ಲಾಗುತ್ತದೆ. ಅಲ್ಲಿ 120 ವೋಲ್ಟ್ ಇರುವುದರಿಂದ ಎರಡು ಗ್ರಿಡಲ್‌ಗಳನ್ನು ಅಡುಗೆಮನೆಯ ಒಂದೇ ಸರ್ಕ್ಯೂಟಿಗೆ ಸಿಕ್ಕಿಸಿದರೆ 25 ಆಂಪಿಯರ್ ಆಗಿ ಬ್ರೇಕರ್ ಬೀಳುತ್ತದೆ. ಒಂದನ್ನು ಅಡುಗೆಮನೆಯಲ್ಲಿಟ್ಟು, ಇನ್ನೊಂದನ್ನು ಬೇರೆ ಸರ್ಕ್ಯೂಟಿನ ಸಾಕೆಟ್ ಇರುವ ಕೋಣೆಯಲ್ಲೋ ಗ್ಯಾರೇಜಿನಲ್ಲೋ ಇಡಬೇಕು. ಆ ಗ್ರಿಡಲನ್ನು ಊರಿಗೆ ತಂದು ಅಮ್ಮನಿಗೆ ಕೊಡುವ ಆಸೆಯಿದ್ದರೆ ದಯವಿಟ್ಟು ಬೇಡ. 120 ವೋಲ್ಟಿನ ಸುರುಳಿಗೆ 230 ವೋಲ್ಟ್ ಕೊಟ್ಟರೆ ಶಕ್ತಿ ಮೂರೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ, ಸುಟ್ಟುಹೋಗುತ್ತದೆ. ಅದಕ್ಕೆ ತಕ್ಕ ಟ್ರಾನ್ಸ್‌ಫಾರ್ಮರ್ ಭಾರವೂ ಹೌದು, ದುಬಾರಿಯೂ ಹೌದು. ಆ ಹಣದಲ್ಲಿ ಇಲ್ಲಿಯೇ ಒಂದು ಕೊಡಿಸಬಹುದು.

ಜನ ಎಷ್ಟು, ಹಿಟ್ಟು ಎಷ್ಟು

ದೊಡ್ಡವರು ಮಕ್ಕಳು ಎಲ್ಲ ಸೇರಿ ತಲೆಗೆ ಮೂರೂವರೆ ದೋಸೆ ಎಂದು ಹಿಡಿಯಿರಿ. ಇಪ್ಪತ್ತೈದು ಜನರಿಗೆ ತೊಂಬತ್ತರ ಹತ್ತಿರ. ಒಂದು ಕಿಲೋ ಅಕ್ಕಿ, ಕಾಲು ಕಿಲೋ ಉದ್ದಿನಬೇಳೆ ರುಬ್ಬಿದರೆ 35ರಿಂದ 40 ದೋಸೆಯಷ್ಟು ಹಿಟ್ಟು ಬರುತ್ತದೆ. ಆದ್ದರಿಂದ ಎರಡೂಕಾಲರಿಂದ ಎರಡೂವರೆ ಕಿಲೋ ಅಕ್ಕಿ ಬೇಕು. ಎರಡು ಲೀಟರಿನ ಟೇಬಲ್‌ಟಾಪ್ ಗ್ರೈಂಡರಿನಲ್ಲಿ ಇದು ಮೂರು ಸುತ್ತಿನ ಕೆಲಸ. ಹಿಂದಿನ ದಿನ ಮಧ್ಯಾಹ್ನವೇ ಶುರು ಮಾಡದಿದ್ದರೆ ಗ್ರಿಡಲ್ ಎಷ್ಟು ವೇಗವಾಗಿದ್ದೂ ಪ್ರಯೋಜನವಿಲ್ಲ. ಹಿಟ್ಟನ್ನು ಎರಡು ಪಾತ್ರೆಗಳಲ್ಲಿ ಹುದುಗಿಸಿ, ಅರ್ಧ ಮಾತ್ರ ತುಂಬಿಸಿ. ಉಬ್ಬಿ ಉಕ್ಕಿದ ಹಿಟ್ಟನ್ನು ನಸುಕಿನಲ್ಲಿ ನೆಲದಿಂದ ಒರೆಸುವ ಕೆಲಸ ಯಾರಿಗೂ ಬೇಡ.

ಹತ್ತು ಜನರವರೆಗೆ ಹೊಸತೇನನ್ನೂ ಕೊಳ್ಳಬೇಕಿಲ್ಲ, ಇರುವ ಕಾವಲಿಯೇ ಸಾಕು. ಹತ್ತರಿಂದ ಮೂವತ್ತು ಜನ ವರ್ಷಕ್ಕೆ ನಾಲ್ಕಾರು ಸಲ ಸೇರುವ ಮನೆಯಾದರೆ ಗ್ರಿಡಲ್ ಕೊಳ್ಳಿ. ಮೇಜಿನ ಮೇಲೆ ಸೆಟ್ ದೋಸೆ ನಡೆಯುತ್ತಿರಲಿ, ಗರಿಗರಿಯೇ ಬೇಕೆನ್ನುವ ಮೂರು ನಾಲ್ಕು ಜನರಿಗೆ ಒಳಗೆ ಬೀಡಿನ ಕಾವಲಿ ಇರಲಿ. ಕರಾವಳಿಯ ಮನೆಯಾಗಿದ್ದು ನೀರು ದೋಸೆ, ಕೋಳಿ ಸಾರು ಎಂದಾದರೆ ಇಂಡಕ್ಷನ್ ಒಂದು, ಗ್ಯಾಸ್ ಒಂದು, ಎರಡರಲ್ಲೂ ಒಟ್ಟಿಗೆ ಹುಯ್ದು ಮುಂಚಿತವಾಗಿಯೇ ಜೋಡಿಸಿಡಿ. ಐವತ್ತು ದಾಟಿದರೆ ಶಾಮಿಯಾನ ಬಾಡಿಗೆಗೆ ಕೊಡುವವರ ಬಳಿ ಹೋಟೆಲಿನಂಥ ದೊಡ್ಡ ದೋಸೆಕಲ್ಲು, ಬರ್ನರು ಸಿಗುತ್ತವೆಯೇ ಕೇಳಿ. ಅದಕ್ಕೆ ಹುಯ್ಯಲು ಪಳಗಿದ ಕೈಯನ್ನೂ ಕರೆಸಿಕೊಳ್ಳಿ, ಅಂಗಳದಲ್ಲೇ ಒಲೆ ಹೂಡಿ.

ಕೊಳ್ಳಲು ಹೋದಾಗ ತಟ್ಟೆಯನ್ನು ಬೆಳಕಿಗೆ ಹಿಡಿದು ಸಮತಟ್ಟಾಗಿದೆಯೇ ನೋಡಿ. ನಡುವೆ ತಗ್ಗಿದ್ದರೆ ಎಣ್ಣೆಯೂ ಹಿಟ್ಟೂ ಅಲ್ಲೇ ಹೋಗಿ ನಿಲ್ಲುತ್ತವೆ. ಥರ್ಮೋಸ್ಟಾಟ್ ಕಳಚಿ ತಟ್ಟೆಯನ್ನು ತೊಳೆಯಲು ಬರುತ್ತದೆಯೇ, ಜಿಡ್ಡು ಇಳಿಯುವ ತೂತಿನ ಕೆಳಗೆ ತಟ್ಟೆ ಇದೆಯೇ, ಥರ್ಮೋಸ್ಟಾಟ್ ಕೆಟ್ಟರೆ ಅದೊಂದನ್ನೇ ಬೇರೆಯಾಗಿ ಕೊಡುತ್ತಾರೆಯೇ ಎಂದು ಕೇಳಿ. ವಯರಿನ ಉದ್ದವನ್ನು ಅಳೆದುಕೊಳ್ಳಿ, ಮನೆಯಲ್ಲಿ ಸಾಕೆಟ್ಟಿನಿಂದ ಮೇಜಿನವರೆಗಿನ ದೂರವನ್ನು ಹೊರಡುವ ಮೊದಲೇ ಅಳೆದಿಟ್ಟುಕೊಂಡಿರಿ. ಬಿಲ್ಲು ಬರೆಸುವ ಮುಂಚೆ ಅಡಿಯಲ್ಲಿರುವ ಚೀಟಿಯ ಮೇಲೆ ಎಷ್ಟು ವ್ಯಾಟ್ ಎಂದು ನೀವೇ ಓದಿಕೊಳ್ಳಿ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಎಷ್ಟು ದೋಸೆ ಇವೆ ಎಂಬುದನ್ನು ಎಣಿಸಬೇಡಿ.